ತೆತೆಲೆಸ್ತೈ: ಶಿಲುಬೆಯ ಆರನೆಯ ಮಾತನ್ನು ವಿದ್ವಾಂಸರು ಓದಿದ ಬಗೆ

ಯೇಸುವಿನ ಮರಣವನ್ನು ನಾಲ್ಕು ಸುವಾರ್ತೆಗಳೂ ವರ್ಣಿಸುತ್ತವೆ, ಆದರೆ ಕೊನೆಯ ಗಳಿಗೆಯನ್ನು ಒಂದೇ ರೀತಿಯಲ್ಲಿ ಹೇಳುವುದಿಲ್ಲ. ಮಾರ್ಕ ಮತ್ತು ಮತ್ತಾಯರಲ್ಲಿ ಕೇಳಿಸುವುದು ಒಂದು ದೊಡ್ಡ ಕೂಗು. ಲೂಕನಲ್ಲಿ ತಂದೆಯ ಕೈಗೆ ತನ್ನನ್ನು ಒಪ್ಪಿಸಿಕೊಡುವ ಪ್ರಾರ್ಥನೆ. ಯೋಹಾನನಲ್ಲಿ ಮಾತ್ರ ಒಂದೇ ಒಂದು ಪದ: ತೆತೆಲೆಸ್ತೈ. ಶುಭ ಶುಕ್ರವಾರದಂದು ಚರ್ಚುಗಳಲ್ಲಿ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುವಾಗ ಆರನೆಯದಾಗಿ ಬರುವ ಮಾತು ಇದು.

ಈ ಪದಕ್ಕೆ ಕರ್ತೃ ಇಲ್ಲ. ಏನು ಪೂರ್ಣಗೊಂಡಿತು, ಯಾರು ಪೂರ್ಣಗೊಳಿಸಿದರು ಎಂಬುದನ್ನು ಯೋಹಾನ ಆ ವಾಕ್ಯದಲ್ಲಿ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬಲು ನಡೆದ ಪ್ರಯತ್ನಗಳೇ ಈ ಪದದ ಅಧ್ಯಯನದ ಚರಿತ್ರೆ. ನಮ್ಮಲ್ಲಿ ಇಂದು ಅತಿ ಹೆಚ್ಚು ಕೇಳಿಬರುವ ಉತ್ತರವೊಂದಿದೆ: ಆ ಕಾಲದಲ್ಲಿ ಸಾಲ ತೀರಿದ ಪತ್ರದ ಮೇಲೆ ‘ತೆತೆಲೆಸ್ತೈ’ ಎಂದು ಬರೆಯುತ್ತಿದ್ದರು, ಆದ್ದರಿಂದ ಯೇಸು ಹೇಳಿದ್ದು ‘ಪೂರ್ತಿ ಪಾವತಿಯಾಗಿದೆ’ ಎಂದು. ಪ್ರಸಂಗ ಮಾಡುವವರಿಗೆ ಬಲು ಪ್ರಿಯವಾದ ಈ ವಿವರಣೆ ಎಲ್ಲಿಂದ ಬಂತು, ಎಷ್ಟು ಗಟ್ಟಿ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೆತೆಲೆಸ್ತೈ ಹುಟ್ಟಿದ್ದು ‘ತೆಲೆಯೋ’ ಎಂಬ ಕ್ರಿಯಾಪದದಿಂದ. ಅದರ ಹಿಂದಿರುವ ನಾಮಪದ ‘ತೆಲೊಸ್’. ಹಳೆಯ ಗ್ರೀಕಿನಲ್ಲಿ ತೆಲೊಸ್‌ಗೆ ಕೊನೆ, ಗುರಿ, ಸಿದ್ಧಿ ಎಂಬ ಅರ್ಥಗಳಿವೆ. ಎಲ್ಯೂಸಿಸ್‌ನಂಥ ಕಡೆಗಳಲ್ಲಿ ನಡೆಯುತ್ತಿದ್ದ ಗುಪ್ತ ದೀಕ್ಷಾವಿಧಿಗಳಿಗೂ ಅದೇ ಹೆಸರು. ಸರಕಾರಕ್ಕೆ ಕಟ್ಟುವ ತೆರಿಗೆಗೂ ಅದೇ ಹೆಸರು. ಸುವಾರ್ತೆಗಳ ಸುಂಕದವನು ಗ್ರೀಕಿನಲ್ಲಿ ‘ತೆಲೋನೇಸ್’. ಅರಿಸ್ಟಾಟಲ್ ತನ್ನ ಮೆಟಾಫಿಸಿಕ್ಸ್ ಗ್ರಂಥದ ಐದನೆಯ ಭಾಗದಲ್ಲಿ ‘ತೆಲೇಯೊಸ್’, ಅಂದರೆ ಪರಿಪೂರ್ಣ, ಎಂಬ ವಿಶೇಷಣಕ್ಕೆ ಒಂದು ವ್ಯಾಖ್ಯೆ ಕೊಡುತ್ತಾನೆ: ಯಾವುದರ ಒಂದು ಅಂಶವೂ ಹೊರಗೆ ಉಳಿದಿಲ್ಲವೋ ಅದು ಪೂರ್ಣ. ಗ್ರೀಕ್ ಚಿಂತನೆಯಲ್ಲಿ ಪೂರ್ಣತೆ ಎಂದರೆ ಹೀಗೆ ಕೊರತೆ ಇಲ್ಲದ ಸ್ಥಿತಿ.

ಬೈಬಲಿನ ಗ್ರೀಕ್ ಈ ಪದಗಳನ್ನು ಪಡೆದದ್ದು ನೇರವಾಗಿ ತತ್ತ್ವಜ್ಞಾನಿಗಳಿಂದಲ್ಲ. ನಡುವೆ ಸೆಪ್ಟುವಜಿಂಟ್ ಇದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರು ಮೋಶೆಯ ಐದು ಗ್ರಂಥಗಳನ್ನು ಗ್ರೀಕಿಗೆ ತಂದರು. ಉಳಿದವು ಮುಂದೆ ಒಂದೊಂದಾಗಿ ಬಂದವು. ಪಸ್ಕದ ಕುರಿಮರಿ ಅಂಗದೋಷವಿಲ್ಲದ್ದಾಗಿರಬೇಕು ಎಂಬಲ್ಲಿ ಹೀಬ್ರೂವಿನ ‘ತಾಮೀಮ್’ ಎಂಬ ಪದಕ್ಕೆ ಅವರು ಆರಿಸಿದ್ದು ತೆಲೇಯೊಸ್. ಇನ್ನೊಂದು ಬಳಕೆ ಇದಕ್ಕಿಂತ ವಿಚಿತ್ರವಾದದ್ದು. ಹೀಬ್ರೂವಿನಲ್ಲಿ ಯಾಜಕನಿಗೆ ದೀಕ್ಷೆ ಕೊಡುವುದನ್ನು ‘ಕೈ ತುಂಬುವುದು’ ಎನ್ನುತ್ತಾರೆ. ವಿಮೋಚನಕಾಂಡದ 29ನೆಯ ಅಧ್ಯಾಯದಲ್ಲಿ ಆರೋನ ಮತ್ತು ಅವನ ಮಕ್ಕಳ ದೀಕ್ಷೆಯ ಪ್ರಸಂಗ ಬಂದಾಗ ಭಾಷಾಂತರಕಾರರು ‘ತೆಲೇಯಿಯೋ’ ಎಂಬ ಸೋದರ ಕ್ರಿಯಾಪದವನ್ನು ಬಳಸಿ ‘ಕೈಗಳನ್ನು ಪೂರ್ಣಗೊಳಿಸು’ ಎಂದರು. ಗ್ರೀಕ್ ಬಲ್ಲ ಹೊರಗಿನವನಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವನ್ನು ಮಹಾಯಾಜಕನೆಂದು ಕರೆದು, ಆತ ಬಾಧೆಗಳ ಮೂಲಕ ‘ಪರಿಪೂರ್ಣನಾದ’ ಎಂದು ಇದೇ ಕ್ರಿಯಾಪದದಲ್ಲಿ ಹೇಳುವಾಗ, ಈ ದೀಕ್ಷೆಯ ನೆನಪು ಅಲ್ಲಿದೆಯೇ ಎಂಬುದು ಇಂದಿಗೂ ದೊಡ್ಡ ಚರ್ಚೆ.

ಆಮೇಲಿನ ಸಾವಿರ ವರ್ಷ ಪಶ್ಚಿಮದ ಓದುಗರು ಈ ಪದವನ್ನು ಕಂಡದ್ದು ಲ್ಯಾಟಿನ್ ಮೂಲಕ. ನಾಲ್ಕನೆಯ ಶತಮಾನದ ಕೊನೆಗೆ ಜೆರೋಮ್ ಪರಿಷ್ಕರಿಸಿದ ಸುವಾರ್ತೆಗಳಲ್ಲಿ ಅದು ‘ಕೊನ್ಸುಮ್ಮಾತುಮ್ ಎಸ್ತ್’. 1516ರಲ್ಲಿ ಎರಾಸ್ಮಸ್ ಬಾಸೆಲ್‌ನಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ಮೇಲೆ ಲೂಥರ್ 1522ರಲ್ಲಿ ಜರ್ಮನ್‌ಗೆ, ಟಿಂಡೇಲ್ 1526ರಲ್ಲಿ ಇಂಗ್ಲಿಷ್‌ಗೆ ಮೂಲದಿಂದಲೇ ತಂದರು. ಲೂಥರನ ಮಾತು ಬಾಖ್‌ನ ಕೈಗೆ ಸಿಕ್ಕಿ, 1724ರ ಯೋಹಾನ ಸುವಾರ್ತೆಯ ಪ್ಯಾಶನ್ ಸಂಗೀತದಲ್ಲಿ ವಿಯೋಲ ದ ಗಾಂಬ ವಾದ್ಯದ ಜೊತೆ ಹಾಡುವ ಒಂದು ಏಕಗಾನವಾಯಿತು. ಅದು ಶೋಕದಲ್ಲಿ ಮೆಲ್ಲನೆ ಆರಂಭವಾಗಿ, ನಡುವೆ ಇದ್ದಕ್ಕಿದ್ದಂತೆ ವಿಜಯಘೋಷಕ್ಕೆ ಏರಿ, ಮತ್ತೆ ಶೋಕಕ್ಕೆ ಇಳಿಯುತ್ತದೆ. ಎಷ್ಟೋ ವ್ಯಾಖ್ಯಾನಗಳಿಗಿಂತ ಚೆನ್ನಾಗಿ ಬಾಖ್ ಈ ಪದವನ್ನು ಓದಿದ್ದಾನೆ ಎಂಬುದು ನನ್ನ ನಂಬಿಕೆ. ಸೋಲೋ ಗೆಲುವೋ ಎಂಬುದನ್ನು ಯೋಹಾನ ಬಿಡಿಸಿ ಹೇಳದೆ ಬಿಟ್ಟಿದ್ದನ್ನು ಅವನು ಕೇಳಿಸಿಕೊಂಡಿದ್ದ.

ಶಾಸ್ತ್ರೀಯ ಅರ್ಥದ ಪದವಿಚಾರ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ಹೊಸ ಒಡಂಬಡಿಕೆಯ ಗ್ರೀಕ್ ಪ್ಲೇಟೋನಂತೆಯೂ ಇಲ್ಲ, ಡೆಮಾಸ್ತನೀಸನಂತೆಯೂ ಇಲ್ಲ. ಹಾಗಾದರೆ ಅದು ಯಾವ ಭಾಷೆ? ರಿಚರ್ಡ್ ರೋಥೆ 1863ರಲ್ಲಿ ಅದನ್ನು ಪವಿತ್ರಾತ್ಮನ ಭಾಷೆ ಎಂದು ಕರೆದ. ಹೆರ್ಮನ್ ಕ್ರೇಮರ್ ಇದೇ ನಂಬಿಕೆಯ ಮೇಲೆ ಒಂದು ನಿಘಂಟನ್ನೇ ಕಟ್ಟಿದ. ದೇವರು ಹೊಸ ಅರ್ಥಗಳಿಗಾಗಿ ಹೊಸ ಭಾಷೆಯನ್ನೇ ರೂಪಿಸಿದ ಎಂಬ ಈ ಎಣಿಕೆ ಬಹಳ ಕಾಲ ಬಾಳಲಿಲ್ಲ. ಅದನ್ನು ಕೆಡವಿದ್ದು ಈಜಿಪ್ಟಿನ ಕಸದ ದಿಬ್ಬಗಳು.

1896–97ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ತರುಣರು ಆಕ್ಸಿರಿಂಕಸ್ ಎಂಬ ಪಟ್ಟಣದ ತಿಪ್ಪೆಗಳನ್ನು ಅಗೆಯತೊಡಗಿದರು. ಪಪೈರಸ್ ಹಾಳೆಗಳು ರಾಶಿರಾಶಿಯಾಗಿ ಬಂದವು: ಗೇಣಿಪತ್ರ, ಮದುವೆಯ ಆಮಂತ್ರಣ, ಮಗ ತಂದೆಗೆ ಬರೆದ ಕಾಗದ, ಬಟ್ಟೆಯ ಲೆಕ್ಕ. ಇದಕ್ಕೂ ಮೊದಲೇ, 1895ರಲ್ಲಿ, ಅಡಾಲ್ಫ್ ಡೈಸ್ಮನ್ ಅಷ್ಟು ಹೊತ್ತಿಗೆ ಅಚ್ಚಾಗಿದ್ದ ಪಪೈರಸ್‌ಗಳನ್ನು ಓದಿ, ಸುವಾರ್ತೆಗಳ ಗ್ರೀಕ್ ಸಾಮಾನ್ಯ ಜನರ ದಿನಬಳಕೆಯ ಗ್ರೀಕೇ ಎಂದು ತೋರಿಸಿಕೊಟ್ಟಿದ್ದ. ಬ್ರಿಟನ್ನಿನಲ್ಲಿ ಜೇಮ್ಸ್ ಹೋಪ್ ಮೌಲ್ಟನ್ ಮತ್ತು ಜಾರ್ಜ್ ಮಿಲಿಗನ್ ಈ ಸಾಮಗ್ರಿಯಿಂದ ಹೊಸ ಒಡಂಬಡಿಕೆಯ ಪದಗಳಿಗೆ ಕೋಶವೊಂದನ್ನು ಮಾಡಲು ಕುಳಿತರು. ಮೊದಲ ಕಂತು ಹೊರಬಂದದ್ದು 1914ರಲ್ಲಿ. ಮರುವರ್ಷ ಮೌಲ್ಟನ್ ಭಾರತಕ್ಕೆ ಬಂದು ಪಾರ್ಸಿಗಳ ನಡುವೆ ಜರತುಷ್ಟ್ರ ಧರ್ಮದ ಕುರಿತು ಉಪನ್ಯಾಸ ಕೊಡುತ್ತ ಓಡಾಡಿದ. 1917ರಲ್ಲಿ ಊರಿಗೆ ಮರಳುವಾಗ ಮೆಡಿಟರೇನಿಯನ್ ಸಮುದ್ರದಲ್ಲಿ ಅವನ ಹಡಗು ಟಾರ್ಪಿಡೊ ದಾಳಿಗೆ ಸಿಕ್ಕಿ, ಜೀವರಕ್ಷಕ ದೋಣಿಯಲ್ಲಿ ಚಳಿ ತಡೆಯಲಾರದೆ ತೀರಿಕೊಂಡ. ಕೋಶವನ್ನು ಮಿಲಿಗನ್ ಒಬ್ಬನೇ ಮುಂದುವರಿಸಿ 1929ಕ್ಕೆ ಮುಗಿಸಿದ.

‘ಪೂರ್ತಿ ಪಾವತಿ’ಯ ಬೇರು ಇರುವುದು ಈ ಕೋಶದಲ್ಲಿ. ರಸೀದಿಗಳು ಅನೇಕ ಸಲ ತೆತೆಲೆಸ್ತೈ ಎಂಬ ಪದದಿಂದಲೇ ಆರಂಭವಾಗುತ್ತವೆ, ಸಾಮಾನ್ಯವಾಗಿ ಅದನ್ನು ಸಂಕ್ಷೇಪಿಸಿ ಬರೆದಿರುತ್ತಾರೆ ಎಂದು ಅಲ್ಲಿ ಒಂದು ಟಿಪ್ಪಣಿ ಇದೆ. ಆ ರಸೀದಿಗಳು ಸಾಲಪತ್ರಗಳಲ್ಲ, ಸುಂಕದ ಚೀಟಿಗಳು. ಈಜಿಪ್ಟಿನ ಫಯ್ಯೂಮ್ ಸೀಮೆಯ ಸೊಕ್ನೊಪಯು ನೇಸೊಸ್‌ನಂಥ ಊರುಗಳ ಸುಂಕದ ಕಟ್ಟೆಯಲ್ಲಿ ಅವನ್ನು ಕೊಡುತ್ತಿದ್ದರು. ಅಂಗೈಯಗಲದ ಪಪೈರಸ್ ತುಂಡು. ಯಾವ ಕಟ್ಟೆ, ನೂರಕ್ಕೊಂದು ಮತ್ತು ಐವತ್ತಕ್ಕೊಂದರ ಸುಂಕವೋ ಮರುಭೂಮಿಯ ಕಾವಲಿನ ತೆರಿಗೆಯೋ, ಸರಕು ಸಾಗಿಸುವವನ ಹೆಸರೇನು, ಎಷ್ಟು ಕತ್ತೆ ಎಷ್ಟು ಒಂಟೆ, ಹೇರು ಗೋಧಿಯದೋ ಎಣ್ಣೆಯದೋ ಖರ್ಜೂರದ್ದೋ, ಚಕ್ರವರ್ತಿಯ ಎಷ್ಟನೆಯ ವರ್ಷ, ಯಾವ ತಿಂಗಳು, ಯಾವ ದಿನ. ಕೆಲವಕ್ಕೆ ಮಣ್ಣಿನ ಮುದ್ರೆಯೂ ಉಂಟು. ಈ ಎಲ್ಲದಕ್ಕೂ ಮೊದಲು, ಚೀಟಿಯ ತಲೆಯಲ್ಲಿ, ‘ತೆತೆಲ್’ ಎಂಬ ಸಂಕ್ಷೇಪ.

ತೊಡಕಿರುವುದು ಇಲ್ಲಿಯೇ. ಆ ಐದು ಗ್ರೀಕ್ ಅಕ್ಷರಗಳು ತೆತೆಲೆಸ್ತೈಗೂ ಒಪ್ಪುತ್ತವೆ, ‘ತೆತೆಲೋನೇತೈ’ ಎಂಬ ಇನ್ನೊಂದು ಪದಕ್ಕೂ ಒಪ್ಪುತ್ತವೆ. ಎರಡನೆಯದು ಸುಂಕದವನ ಹೆಸರಿಗೇ ಸೇರಿದ ಕ್ರಿಯಾಪದ: ‘ಸುಂಕ ಕಟ್ಟಲಾಗಿದೆ’. ಪಪೈರಸ್ ತಜ್ಞರು ಈಗ ಈ ಚೀಟಿಗಳನ್ನು ಅಚ್ಚು ಹಾಕುವಾಗ ತೆತೆಲೋನೇತೈ ಎಂದೇ ಬಿಡಿಸಿ ಬರೆಯುತ್ತಾರೆ. ಇಂಥ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಸೈಪೆಸ್ಟೈನ್ 1987ರಲ್ಲಿ ಗ್ರೀಕ್–ರೋಮನ್ ಈಜಿಪ್ಟಿನ ಸುಂಕಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದಾನೆ. ಮೇಲಾಗಿ ಇವು ಬಹುಮಟ್ಟಿಗೆ ಕ್ರಿಸ್ತಶಕ ಎರಡು, ಮೂರನೆಯ ಶತಮಾನದವು, ಅದೂ ಈಜಿಪ್ಟಿನವು. ತೆಲೆಯೋ ಕ್ರಿಯಾಪದಕ್ಕೆ ‘ಕಟ್ಟು, ಸಲ್ಲಿಸು’ ಎಂಬ ಅರ್ಥವಿಲ್ಲವೆಂದಲ್ಲ. ನಿಮ್ಮ ಗುರು ದೇವಾಲಯದ ತೆರಿಗೆ ಕಟ್ಟುವುದಿಲ್ಲವೇ ಎಂದು ಪೇತ್ರನನ್ನು ಕೇಳಿದವರು ಮತ್ತಾಯನಲ್ಲಿ ಇದೇ ಪದವನ್ನು ಆಡುತ್ತಾರೆ. ಆದರೆ ಅಲ್ಲಿ ಕಟ್ಟುವ ಹಣದ ಹೆಸರು ಪದದ ಪಕ್ಕದಲ್ಲೇ ಇದೆ. ಯೋಹಾನನಲ್ಲಿ ಅಂಥದ್ದೇನೂ ಇಲ್ಲ.

ಪದದ ಒಂದು ಅರ್ಥವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡುವ ಈ ಅಭ್ಯಾಸದ ಮೇಲೆ ಬಲವಾದ ಪೆಟ್ಟು ಬಿದ್ದದ್ದು 1961ರಲ್ಲಿ. ಅಷ್ಟರಲ್ಲಿ ಗೆರ್ಹಾರ್ಡ್ ಕಿಟ್ಟೆಲ್ ಸಂಪಾದಕನಾಗಿ 1930ರ ದಶಕದಲ್ಲಿ ಆರಂಭಿಸಿದ ಬೃಹತ್ ದೇವಶಾಸ್ತ್ರೀಯ ನಿಘಂಟು ಎಷ್ಟೋ ಸೆಮಿನರಿಗಳ ಕಪಾಟು ಸೇರಿತ್ತು. (ನಮ್ಮ 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಬೇರೆ, ಈ ಕಿಟ್ಟೆಲ್ ನಾಜಿ ಪಕ್ಷ ಸೇರಿ ತನ್ನ ಪಾಂಡಿತ್ಯವನ್ನು ಯೆಹೂದ್ಯರ ವಿರುದ್ಧ ಬಳಸಿದವನು.) ಒಂದು ಪದದ ಚರಿತ್ರೆಯನ್ನು ಹೋಮರನಿಂದ ಹಿಡಿದು ಹೇಳಿ, ಅಷ್ಟೂ ಅರ್ಥವನ್ನು ಹೊಸ ಒಡಂಬಡಿಕೆಯ ಒಂದು ವಚನಕ್ಕೆ ತುಂಬುವುದು ಆ ನಿಘಂಟಿನ ದೋಷ ಎಂದು ಜೇಮ್ಸ್ ಬಾರ್ ಎತ್ತಿ ಆಡಿದ. ಕನ್ನಡದವರಿಗೆ ಅವನ ಮಾತು ಸುಲಭವಾಗಿ ತಿಳಿಯುತ್ತದೆ. ನಮ್ಮ ‘ತೀರು’ ಎಂಬ ಕ್ರಿಯಾಪದವನ್ನೇ ನೋಡಿ. ಕೆಲಸ ತೀರುತ್ತದೆ, ಸಾಲ ತೀರುತ್ತದೆ, ಅಜ್ಜ ತೀರಿಕೊಳ್ಳುತ್ತಾರೆ. ಪಕ್ಕದ ತಮಿಳಿನಲ್ಲಿ ‘ತೀರ್ವೈ’ ಎಂದರೆ ಸುಂಕ. ಹಾಗೆಂದು ಬ್ಯಾಂಕಿನ ಸಾಲ ತೀರಿತು ಎಂದವನ ಮಾತಿನಲ್ಲಿ ಸಾವಿನ ಸೂಚನೆಯಿದೆ ಎಂದು ಯಾರೂ ಹೇಳುವುದಿಲ್ಲ. ಅರ್ಥವನ್ನು ಗೊತ್ತುಮಾಡುವುದು ವಾಕ್ಯ.

ಬಾರ್‌ನ ನಂತರ ಈ ಕ್ಷೇತ್ರದ ದಾರಿಯೇ ಬದಲಾಯಿತು. ಸಿ. ಎಫ್. ಡಿ. ಮೌಲ್ 1967ರಲ್ಲಿ ‘ನೆರವೇರಿಕೆ’ಯನ್ನು ಸೂಚಿಸುವ ಪದಗಳ ಸದ್ಬಳಕೆ, ದುರ್ಬಳಕೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಪ್ರವಾದನೆ ನೆರವೇರುವುದಕ್ಕೂ ಒಂದು ಸಂಬಂಧವೋ ಉದ್ದೇಶವೋ ತುಂಬಿ ಪಕ್ವವಾಗುವುದಕ್ಕೂ ಇರುವ ಅಂತರವನ್ನು ಬಿಡಿಸಿ ತೋರಿಸಿದ. ಲೋ ಮತ್ತು ನೈಡ 1988ರಲ್ಲಿ ಪದಗಳನ್ನು ಅಕಾರಾದಿಯಾಗಿ ಅಲ್ಲ, ಅರ್ಥಕ್ಷೇತ್ರಗಳಾಗಿ ವಿಂಗಡಿಸಿ ಭಾಷಾಂತರಕಾರರಿಗಾಗಿಯೇ ನಿಘಂಟು ಮಾಡಿದರು. ಇಬ್ರಿಯರ ಪತ್ರಿಕೆಯ ಪರಿಪೂರ್ಣತೆಯ ಮೇಲೆ ಎರ್ನ್ಸ್ಟ್ ಕೇಸೆಮನ್ 1939ರಲ್ಲಿ, ಗುಪ್ತಜ್ಞಾನದಿಂದ ಮುಕ್ತಿ ಎನ್ನುವ ನಾಸ್ಟಿಕ್ ಪಂಥಗಳ ನೆರಳು ಕಂಡಿದ್ದ. 1947ರಿಂದ ಮೃತಸಮುದ್ರದ ಸುರುಳಿಗಳು ಸಿಗತೊಡಗಿ, ಕುಮ್ರಾನಿನ ಯೆಹೂದ್ಯರು ತಮ್ಮನ್ನು ‘ತಾಮೀಮ್’ ಮಾರ್ಗದವರೆಂದು ಕರೆದುಕೊಳ್ಳುತ್ತಿದ್ದರು ಎಂದು ತಿಳಿದ ಮೇಲೆ ಆ ವಾದ ಸೊರಗಿತು. ಡೇವಿಡ್ ಪೀಟರ್ಸನ್ 1982ರಲ್ಲಿ, ಇಬ್ರಿಯರ ಪತ್ರಿಕೆಯಲ್ಲಿ ಪರಿಪೂರ್ಣನಾಗುವುದೆಂದರೆ ಬರಿಯ ದೀಕ್ಷೆಯೂ ಅಲ್ಲ, ನೈತಿಕ ಬೆಳವಣಿಗೆಯೂ ಅಲ್ಲ, ಒಂದು ಹೊಣೆಗೆ ಪೂರ್ತಿ ತಕ್ಕವನಾಗುವುದು ಎಂದು ವಾದಿಸಿದ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಕ್ರಿಸ್ತನು ಧರ್ಮಶಾಸ್ತ್ರದ ‘ತೆಲೊಸ್’ ಎಂಬ ಪೌಲನ ಮಾತು ಅಂತ್ಯವನ್ನು ಹೇಳುತ್ತದೋ ಗುರಿಯನ್ನು ಹೇಳುತ್ತದೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ವ್ಯಾಕರಣದವರೂ ಸುಮ್ಮನಿರಲಿಲ್ಲ. ತೆತೆಲೆಸ್ತೈ ಗ್ರೀಕಿನ ‘ಪರ್ಫೆಕ್ಟ್’ ರೂಪ. ನಡೆದ ಕ್ರಿಯೆಯ ಫಲ ಈಗಲೂ ನಿಂತಿದೆ ಎಂಬುದು ಅದರ ಸಾಂಪ್ರದಾಯಿಕ ವಿವರಣೆ. ಸ್ಟಾನ್ಲಿ ಪೋರ್ಟರ್ 1989ರಲ್ಲಿ ಅದನ್ನು ಸ್ಥಿತಿಯನ್ನು ಸೂಚಿಸುವ ರೂಪ ಎಂದ. ಬ್ಯೂಯಿಸ್ಟ್ ಫ್ಯಾನಿಂಗ್ ಮರುವರ್ಷ ಹಳೆಯ ವಿವರಣೆಗೆ ಹತ್ತಿರದ ನಿಲುವು ತಳೆದ. ಕಾನ್‌ಸ್ಟಂಟೈನ್ ಕ್ಯಾಂಬೆಲ್ 2007ರಲ್ಲಿ ಇಬ್ಬರನ್ನೂ ಪ್ರಶ್ನಿಸಿದ. ಯಾರ ಮಾತನ್ನು ಹಿಡಿದರೂ ಈ ಪದ ನಮ್ಮ ‘ಮುಗಿಯಿತು’ ಎಂಬುದಕ್ಕಿಂತ ‘ಪೂರ್ಣಗೊಂಡಿದೆ’ ಎಂಬುದಕ್ಕೇ ಹತ್ತಿರ.

ಇತ್ತೀಚಿನ ಓದುಗಳು ಮರಳಿರುವುದು ಯೋಹಾನನ ಸುವಾರ್ತೆಗೇ. ನಾಲ್ಕನೆಯ ಅಧ್ಯಾಯದಲ್ಲಿ ಸಮಾರ್ಯದ ಬಾವಿಯ ಬಳಿ ಕುಳಿತ ಯೇಸು, ತನ್ನನ್ನು ಕಳುಹಿಸಿದವನ ಕೆಲಸ ಪೂರೈಸುವುದೇ ತನ್ನ ಊಟ ಎನ್ನುತ್ತಾನೆ. ಹದಿಮೂರನೆಯದರಲ್ಲಿ ಶಿಷ್ಯರನ್ನು ‘ತೆಲೊಸ್’ ತನಕ ಪ್ರೀತಿಸಿದ ಎಂದಿದೆ. ಹದಿನೇಳನೆಯದರಲ್ಲಿ ಕೊಟ್ಟ ಕೆಲಸವನ್ನು ಪೂರೈಸಿದ್ದೇನೆ ಎಂದು ತಂದೆಗೆ ಹೇಳುತ್ತಾನೆ. ಎಲ್ಲ ಕಡೆಯೂ ಒಂದೇ ಕುಟುಂಬದ ಪದಗಳು. ಹತ್ತೊಂಬತ್ತರ ಇಪ್ಪತ್ತೆಂಟನೆಯ ವಚನದಲ್ಲಂತೂ ತೆತೆಲೆಸ್ತೈ ಒಮ್ಮೆ ಬಂದೇ ಇದೆ: ಎಲ್ಲವೂ ಪೂರ್ಣಗೊಂಡಿದೆ ಎಂದು ಯೇಸು ತಿಳಿದ. ಅದೇ ಉಸಿರಿನಲ್ಲಿ ಶಾಸ್ತ್ರದ ನೆರವೇರಿಕೆಯ ಮಾತೂ ಬರುತ್ತದೆ. ಅದಕ್ಕೆ ಯೋಹಾನ ಸಾಮಾನ್ಯವಾಗಿ ಬಳಸುವ ಪದ ‘ಪ್ಲೇರೊವೋ’, ತುಂಬು. ಅದೇ ಅಧ್ಯಾಯದಲ್ಲಿ ಸೈನಿಕರು ಅಂಗಿಗೆ ಚೀಟಿ ಹಾಕುವಲ್ಲಿ, ಎಲುಬು ಮುರಿಯದೆ ಬಿಡುವಲ್ಲಿ ಅದೇ ಇದೆ. ಇಲ್ಲಿ ಮಾತ್ರ ಅದನ್ನು ಬಿಟ್ಟು ‘ತೆಲೇಯಿಯೋ’ ತಂದಿದ್ದಾನೆ. ಕರ್ತೃವಿಲ್ಲದ ಆ ಆರನೆಯ ಮಾತಿನ ಕರ್ತೃ ಎರಡು ವಚನ ಹಿಂದೆಯೇ ಸಿಗುತ್ತದೆ: ‘ಎಲ್ಲವೂ’. ಸಾಲದ ಲೆಕ್ಕಕ್ಕಿಂತ ಅದು ಬಹಳ ದೊಡ್ಡದು. ಜೆರೋಮ್ ಈ ಎರಡು ವಚನಗಳ ಮೂರೂ ಕಡೆ ಒಂದೇ ಕ್ರಿಯಾಪದ ಇಟ್ಟು ಈ ಎಳೆಯನ್ನು ಉಳಿಸಿದ. 1611ರ ಇಂಗ್ಲಿಷ್ ಬೈಬಲ್ ಮೂರು ಕಡೆ ಮೂರು ಬೇರೆ ಪದ ಬಳಸಿದ್ದರಿಂದ ಅದನ್ನೇ ಓದಿದವರಿಗೆ ಎಳೆ ಕಾಣದೇ ಹೋಯಿತು.

ಇನ್ನೂ ಹಿಂದಕ್ಕೆ ಹೋಗಿ, ಆದಿಕಾಂಡದ ಎರಡನೆಯ ಅಧ್ಯಾಯವನ್ನು ತೋರಿಸುವವರಿದ್ದಾರೆ. ಆರನೆಯ ದಿನ ಕಳೆದು ಆಕಾಶವೂ ಭೂಮಿಯೂ ಪೂರ್ಣಗೊಂಡವು ಎನ್ನುವಲ್ಲಿ ಸೆಪ್ಟುವಜಿಂಟ್ ಬಳಸಿದ ಕ್ರಿಯಾಪದ ‘ಸುನ್‌ತೆಲೆಯೋ’. ಯೇಸು ಸತ್ತದ್ದೂ ವಾರದ ಆರನೆಯ ದಿನ, ಮರುದಿನ ಸಬ್ಬತ್ತು. ಪದದ ಆರಂಭದಲ್ಲಿ ಉಪಸರ್ಗವೊಂದು ಸೇರಿರುವುದರಿಂದ ಇದು ಅದೇ ಪದವಲ್ಲ ಎಂಬ ಆಕ್ಷೇಪಣೆ ಸರಿಯೇ. ಆದರೆ ಆದಿಕಾಂಡದ ಮೊದಲ ಪದಗಳಿಂದಲೇ ತನ್ನ ಸುವಾರ್ತೆಯನ್ನು ಆರಂಭಿಸಿದ ಯೋಹಾನನ ಕಿವಿಯಲ್ಲಿ ಸೃಷ್ಟಿಯ ಏಳನೆಯ ದಿನ ಇರಲಿಲ್ಲವೆನ್ನುವುದು ನನಗೆ ಕಷ್ಟ.