ಡ್ರ್ಯಾಗನ್ ಒಂದೇ, ಬೇಟೆಗಾರರು ನೂರಾರು

1999ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ‘ಎವರ್‌ಕ್ವೆಸ್ಟ್’ ಎಂಬ ಆನ್‌ಲೈನ್ ಆಟ ಶುರುವಾಯಿತು. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆಟ ಅದು. ಒಬ್ಬರಿಂದಾಗದ ಬೇಟೆಗೆ ಆಟಗಾರರು ಗಿಲ್ಡ್, ಅಂದರೆ ಕೂಟ ಕಟ್ಟಿಕೊಂಡರು. ಹಲವು ಕೂಟಗಳು ಬರೀ ಗೆಳೆಯರ ಬಳಗಗಳು. ಕೆಲವು ಮಾತ್ರ ಕಟ್ಟುನಿಟ್ಟಿನ ‘ಹಾರ್ಡ್‌ಕೋರ್’ ಪಡೆಗಳಾದವು. ಯಾಕೆ?

ಕಾರಣ ಆಟಗಾರರ ಸ್ವಭಾವಕ್ಕಿಂತ ಹೆಚ್ಚಾಗಿ ಆಟದ ರಚನೆಯಲ್ಲಿತ್ತು. ಒಂದು ಸರ್ವರ್‌ಗೆ ನಾಗಫೆನ್ ಎಂಬ ಡ್ರ್ಯಾಗನ್ ಒಂದೇ. ಒಂದು ಗಿಲ್ಡ್ ಕೊಂದರೆ, ಅದು ಮತ್ತೆ ಹುಟ್ಟುವವರೆಗೆ ಉಳಿದವರು ದಿನಗಟ್ಟಲೆ ಕಾಯಬೇಕು. ಅಪರಾತ್ರಿಯಲ್ಲೂ ಎದ್ದು ಬರುವವರಿಗೇ ಬೇಟೆ. ಸಿಕ್ಕ ಒಂದೆರಡು ಆಯುಧ ಯಾರಿಗೆ? ಆ ಜಗಳ ತಪ್ಪಿಸಲು ‘ಡ್ರ್ಯಾಗನ್ ಕಿಲ್ ಪಾಯಿಂಟ್ಸ್’ ಎಂಬ ಲೆಕ್ಕ ಹುಟ್ಟಿತು: ಬಂದವರಿಗೆ ಅಂಕ, ಅಂಕ ಕೊಟ್ಟವರಿಗೆ ಆಯುಧ. ಬಳಗದೊಳಕ್ಕೆ ಹಾಜರಿ ಪುಸ್ತಕ ಬಂತು.

2004ರ ನವೆಂಬರ್‌ನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಪ್ರತಿ ಗಿಲ್ಡ್‌ಗೂ ಅದರದೇ ಡ್ರ್ಯಾಗನ್ ಕೊಟ್ಟಿತು. ಪೈಪೋಟಿ ನಿಲ್ಲಲಿಲ್ಲ, ಜಗತ್ತಿನಲ್ಲೇ ಮೊದಲು ಕೊಂದವರು ಯಾರೆಂಬ ಕಡೆಗೆ ತಿರುಗಿತು. 40 ಜನರ ದಾಳಿಗೆ ನಾಲ್ಕು ಜನ ತಡವಾಗಿ ಬಂದರೆ ಉಳಿದವರ ಸಂಜೆಯೇ ಹಾಳು. ಹಾಗಾಗಿ ಆ ಶಿಸ್ತಿನಲ್ಲಿ ಪರರ ಸಮಯಕ್ಕೆ ಕೊಡುವ ಮರ್ಯಾದೆಯೂ ಇತ್ತು.

2007ರ ಜನವರಿಯಲ್ಲಿ ಬಂದ ವಿಸ್ತರಣೆ ಹೊಸ ದೊಡ್ಡ ದಾಳಿಗಳನ್ನು 25 ಜನಕ್ಕೆ ಇಳಿಸಿತು. 40 ಜನರ ತಂಡದಲ್ಲಿ 15 ಜನಕ್ಕೆ ಜಾಗವಿಲ್ಲ. ಹಾರ್ಡ್‌ಕೋರ್ ಗಿಲ್ಡ್‌ಗಳ ಬಳಿ ಉತ್ತರ ಸಿದ್ಧವಿತ್ತು: ಚೆನ್ನಾಗಿ ಆಡುವವರು ಉಳಿಯಲಿ. ಗೆಳೆತನಕ್ಕೆಂದೇ ಸೇರಿದ್ದವರಿಗೆ ಯಾರನ್ನು ಬಿಡುವುದೆಂದು ಹೇಳುವ ಬಾಯಿ ಬರಲಿಲ್ಲ. ಎಷ್ಟೋ ಬಳಗಗಳು ಅಲ್ಲೇ ಒಡೆದವು.