ಹೆಜ್ಜೆ ನಮ್ಮದು, ನಕ್ಷೆ ಯಾರದು?

ಬೆಳಗ್ಗೆ ನಡೆಯಲು ಹೊರಟವರ ಕೈಯಲ್ಲಿ ಇಂದು ಹೆಜ್ಜೆ ಎಣಿಸುವ ಗಡಿಯಾರವಿರುತ್ತದೆ. ಚಾರಣಕ್ಕೆ ಹೋಗುವ ಯುವಕರ ಮೊಬೈಲು ಅವರು ನಡೆದ ದಾರಿಯ ನಕ್ಷೆಯನ್ನು ತಾನಾಗಿಯೇ ಬರೆದುಕೊಳ್ಳುತ್ತದೆ. ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಮಾತು ಎಲ್ಲರ ಬಾಯಲ್ಲಿದೆ. ಈ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪೆನಿಯೊಂದು 'ಮಾಂಪೊ-ಕೇ' ಎಂಬ ಉಪಕರಣವನ್ನು ಮಾರಾಟಕ್ಕೆ ತಂದಿತು. 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬುದೇ ಆ ಹೆಸರಿನ ಅರ್ಥ.

ಕುತೂಹಲದ ಸಂಗತಿಯೆಂದರೆ, ಅದಕ್ಕೂ ನೂರು ವರ್ಷ ಹಿಂದೆ ನಮ್ಮ ದೇಶದವರೊಬ್ಬರು ಹತ್ತತ್ತು ಸಾವಿರ ಹೆಜ್ಜೆಗಳನ್ನು ಜಪಮಾಲೆಯಲ್ಲಿ ಎಣಿಸುತ್ತಾ ಟಿಬೆಟನ್ನು ದಾಟಿದ್ದರು.

ನಕ್ಷೆಗೂ ಅಧಿಕಾರಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದರು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಿಡಿದು ನೆಲ ಅಳೆಯತೊಡಗಿದರು. ಅವರ ಕೆಲಸವೇ ಮುಂದೆ ಇಡೀ ಉಪಖಂಡದ ತ್ರಿಕೋನಮಿತಿ ಸರ್ವೇಕ್ಷಣೆಯಾಗಿ ಬೆಳೆದು ಹಿಮಾಲಯವನ್ನು ಮುಟ್ಟಿತು.

ಆದರೆ ಹಿಮಾಲಯದಾಚೆಗೆ ಬ್ರಿಟಿಷರಿಗೆ ಪ್ರವೇಶವಿರಲಿಲ್ಲ. ಆಗ ಸರ್ವೇ ಅಧಿಕಾರಿ ಥಾಮಸ್ ಮಾಂಟ್ಗೊಮೆರಿಗೆ ಒಂದು ಉಪಾಯ ಹೊಳೆಯಿತು. ವ್ಯಾಪಾರಿಗಳಾಗಿ, ಯಾತ್ರಿಕರಾಗಿ ಭಾರತೀಯರು ಅಲ್ಲಿಗೆ ಹೋಗಬಲ್ಲರು. ಅವರೇ ಅಳೆದು ಬರಲಿ! ಹೀಗೆ 1863ರಲ್ಲಿ ಮೊದಲು ಹೊರಟವರು ಮುನ್ಷಿ ಅಬ್ದುಲ್ ಹಮೀದ್. ದಿಕ್ಸೂಚಿ, ಗಡಿಯಾರ ಮೊದಲಾದ ಉಪಕರಣಗಳನ್ನು ಬಚ್ಚಿಟ್ಟುಕೊಂಡು ಅವರು ಕಾರಕೋರಂ ದಾಟಿ ಯಾರ್ಕಂದ್ ತಲುಪಿದರು. ಚಳಿಗಾಲವನ್ನು ಅಲ್ಲೇ ಕಳೆದರು. ಮರಳುವ ದಾರಿಯಲ್ಲಿ ಅಸುನೀಗಿದರು. ಅವರು ಮನೆಗೆ ಮರಳಲಿಲ್ಲ, ಅವರ ಟಿಪ್ಪಣಿಗಳು ಮಾತ್ರ ಸರ್ವೇ ಕಚೇರಿಗೆ ಮರಳಿದವು.

ಅವರ ಬಳಿಕ ಬಂದವರು ಕುಮಾವೂಂ ಪ್ರದೇಶದ ಶಾಲಾ ಶಿಕ್ಷಕ ನೈನ್ ಸಿಂಗ್ ರಾವತ್. ಏರಿರಲಿ, ಇಳಿಜಾರಿರಲಿ, ಒಂದೇ ಅಳತೆಯ ಹೆಜ್ಜೆ ಇಡುವಂತೆ ಅವರನ್ನು ಡೆಹ್ರಾಡೂನಿನಲ್ಲಿ ಪಳಗಿಸಲಾಯಿತು. ಬೌದ್ಧರ ಜಪಮಾಲೆಯಲ್ಲಿ 108 ಮಣಿಗಳಿದ್ದರೆ ಅವರದರಲ್ಲಿ ಇದ್ದದ್ದು 100. ನೂರು ಹೆಜ್ಜೆಗೊಂದು ಮಣಿ ಸರಿಸಿದರೆ ಒಂದು ಸುತ್ತಿಗೆ 10,000 ಹೆಜ್ಜೆ, ಅಂದರೆ ಸುಮಾರು ಐದು ಮೈಲಿ. ಕೈಯಲ್ಲಿ ತಿರುಗುವ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಅಳತೆಯ ಚೀಟಿಗಳಿದ್ದವು. 1866ರ ಜನವರಿಯಲ್ಲಿ ಅವರು ಲಾಸಾ ಮುಟ್ಟಿದರು. ಅಲ್ಲಿಂದ ಮಾನಸ ಸರೋವರದ ಕಡೆಗೆ ನಡೆದರು. ಒಟ್ಟು ಸುಮಾರು 1,200 ಮೈಲಿ. ಹೆಚ್ಚುಕಡಿಮೆ 24 ಲಕ್ಷ ಹೆಜ್ಜೆಗಳು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು. ಆದರೆ ನಕ್ಷೆ ಸಾಮ್ರಾಜ್ಯದ ಕೈಯಲ್ಲೇ ಉಳಿಯಿತು. 1904ರಲ್ಲಿ ಬ್ರಿಟಿಷ್ ಸೇನೆ ಲಾಸಾವನ್ನು ಪ್ರವೇಶಿಸಿತು.

ಇಂದು ಜಪಮಾಲೆಯ ಕೆಲಸವನ್ನು ಉಪಗ್ರಹಗಳು ಮಾಡುತ್ತಿವೆ. ಅಮೆರಿಕದ ಸೇನೆ ತನಗಾಗಿ ಕಟ್ಟಿಕೊಂಡ ಜಿಪಿಎಸ್ ವ್ಯವಸ್ಥೆ, 2000ದ ಮೇ ತಿಂಗಳಲ್ಲಿ ಪೂರ್ಣ ನಿಖರತೆಯೊಂದಿಗೆ ಜನಸಾಮಾನ್ಯರಿಗೆ ದಕ್ಕಿತು. ಓಟಗಾರರೂ ಸೈಕಲ್ ಸವಾರರೂ ಅದನ್ನು ನೆಚ್ಚಿಕೊಂಡರು. 2017ರ ನವೆಂಬರಿನಲ್ಲಿ 'ಸ್ಟ್ರಾವಾ' ಸಂಸ್ಥೆ ತನ್ನ ಬಳಕೆದಾರರ ದಾರಿಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ವನಕ್ಷೆಯನ್ನು ಪ್ರಕಟಿಸಿತು. ಎರಡು ತಿಂಗಳ ಬಳಿಕ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಅದರಲ್ಲಿ ವಿಚಿತ್ರವೊಂದನ್ನು ಕಂಡ. ಸಿರಿಯಾ, ಅಫ್ಘಾನಿಸ್ತಾನಗಳ ಕತ್ತಲ ಬಯಲಿನಲ್ಲಿ ಬೆಳಕಿನ ಗೆರೆಗಳಿದ್ದವು! ಅವು ಸೇನಾ ನೆಲೆಗಳಲ್ಲಿ ಸೈನಿಕರು ಓಡಿದ ದಾರಿಗಳಾಗಿದ್ದವು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಪ್ರದೇಶಗಳಲ್ಲಿ ಇಂಥ ಸೌಲಭ್ಯದ ಬಳಕೆಯನ್ನು ನಿಷೇಧಿಸಿತು.

ಸೇನೆ ತನ್ನವರ ಹೆಜ್ಜೆಗಳನ್ನು ಹೀಗೆ ಬಚ್ಚಿಟ್ಟುಕೊಂಡಿತು. ಸಾಮಾನ್ಯರ ಗತಿಯೇನು? ನಮಾಝಿನ ವೇಳೆಯನ್ನೂ ಕಿಬ್ಲಾದ ದಿಕ್ಕನ್ನೂ ತೋರಿಸುವ ಜನಪ್ರಿಯ ಆ್ಯಪ್ ಒಂದರ ಸ್ಥಳ ಮಾಹಿತಿಯು ಮಧ್ಯವರ್ತಿ ಕಂಪೆನಿಯ ಮೂಲಕ ಅಮೆರಿಕದ ಸೇನೆಯ ಕಡೆಗೆ ಹೋಗುತ್ತಿತ್ತೆಂದು 2020ರಲ್ಲಿ ಪತ್ರಿಕಾ ವರದಿ ಹೊರಬಂತು. ನೈನ್ ಸಿಂಗರ ಕೈಯಲ್ಲಿದ್ದ ಚಕ್ರದೊಳಗೆ ಏನಿದೆಯೆಂದು ಅವರಿಗಾದರೂ ತಿಳಿದಿತ್ತು. ಈ ಆ್ಯಪ್ ಇಟ್ಟುಕೊಂಡವರಿಗೆ ಅದೂ ತಿಳಿದಿರಲಿಲ್ಲ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆಯಿದೆ. ನಡಿಗೆಯನ್ನು ಬಿಡಬೇಕಿಲ್ಲ, ಎಣಿಕೆಯನ್ನೂ ಬಿಡಬೇಕಿಲ್ಲ. ಆದರೆ ಎಣಿಸಿದ ಹೆಜ್ಜೆಗಳು ಯಾರ ಕಡತ ಸೇರುತ್ತಿವೆ ಎಂದು ಕೇಳುವ ಹಕ್ಕನ್ನು ಬಿಟ್ಟುಕೊಡಬಾರದು. ಅಬ್ದುಲ್ ಹಮೀದರಿಗೆ ಆ ಪ್ರಶ್ನೆ ಕೇಳುವ ಅವಕಾಶವಿರಲಿಲ್ಲ. ನಮಗಿದೆ.