ಫ್ಯಾನೇ ಬೇಡ ಅಂದಿದ್ದ ಊರಲ್ಲಿ ಎಸಿ ಹಾಕಿಸೋಕೆ ಎಷ್ಟು ಖರ್ಚು?

ಇವತ್ತಿನ ಸಂಚಿಕೆ ಒಂದು ಕೊಟೇಶನ್ ಚೀಟಿಯಿಂದ ಶುರುವಾಗುತ್ತೆ.

2024ರ ಮಾರ್ಚ್ ಕೊನೆ. ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ನಾವಿರೋದು ಬಾಡಿಗೆ ಮನೆ, ಕೊನೇ ಮಹಡಿ. ಹಗಲೆಲ್ಲ ಕಾದ ತಾರಸಿ ರಾತ್ರಿ ಹನ್ನೊಂದಾದ್ರೂ ಆರ್ತಿರಲಿಲ್ಲ. 82 ವರ್ಷದ ನಮ್ಮಜ್ಜಿ ಒದ್ದೆ ಟವೆಲ್ ಹೆಗಲಿಗೆ ಹಾಕ್ಕೊಂಡು ಕಿಟಕಿ ಹತ್ರ ಕೂತಿರೋರು. ಒಂದು ರಾತ್ರಿ ಬಚ್ಚಲಿಗೆ ಹೋಗಿ ಬರುವಾಗ ತಲೆ ಸುತ್ತಿ ಬಿದ್ರು. ಮೂಳೆಗೇನೂ ಆಗಲಿಲ್ಲ, ಪುಣ್ಯ. ಮೈಯಲ್ಲಿ ನೀರಿನಂಶ ಕಮ್ಮಿಯಾಗಿದೆ, ಮಲಗೋ ರೂಮು ತಂಪಾಗಿರಲಿ ಅಂದ್ರು ಡಾಕ್ಟರು. ಮಾರನೇ ದಿನವೇ ನಾನು ಎಸಿ ವಿಚಾರಿಸೋಕೆ ಹೊರಟೆ.

ಅಜ್ಜಿಗೆ ಇದು ಅವಮಾನದ ವಿಷಯ. "ಬೆಂಗಳೂರಲ್ಲಿ ಎಸಿ ಹಾಕ್ಸೋರುಂಟೇನೇ?" ಅಂತ ಶುರು ಮಾಡಿದ್ರು. ಅವರು 1964ರಲ್ಲಿ ಮದುವೆಯಾಗಿ ಬಂದಿದ್ದು ಜಯನಗರದ ಮನೆಗೆ. ಆ ಮನೆಯ ಸೂರಲ್ಲಿ ಫ್ಯಾನ್ ನೇತುಹಾಕೋಕೆ ಕೊಕ್ಕೆ ಕೂಡ ಇರಲಿಲ್ಲ. ಮರೆತದ್ದಲ್ಲ, ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಮುಂದೆ ಎಪ್ಪತ್ತರ ದಶಕದಲ್ಲಿ ಒಂದು ಟೇಬಲ್ ಫ್ಯಾನ್ ಬಂತು, ಅದೂ ಸೊಳ್ಳೆ ಓಡಿಸೋಕೆ.

ಇದು ಬರೀ ಅಜ್ಜಿಯ ಹಳೇ ನೆನಪಲ್ಲ. ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. 1884ರ ಜನವರಿ 13ರಂದು ಇಲ್ಲಿ ದಾಖಲಾದ ಕನಿಷ್ಠ ತಾಪಮಾನ 7.8 ಡಿಗ್ರಿ. ಈ ಊರಿನ ಮನೆಗಳು ಚಳಿಯನ್ನ ಲೆಕ್ಕಕ್ಕೆ ಇಟ್ಕೊಂಡು ಕಟ್ಟಿದಂಥವು. ಅದು ಎಲ್ಲಿ ಗೊತ್ತಾಗುತ್ತೆ ಗೊತ್ತಾ? ವೈರಿಂಗ್‌ನಲ್ಲಿ.

1902ನೇ ಇಸವಿ ನೆನಪಿಟ್ಕೊಳ್ಳಿ. ಆ ವರ್ಷ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು. ಅದೇ ವರ್ಷ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ವಿಲ್ಲಿಸ್ ಕ್ಯಾರಿಯರ್ ಅನ್ನೋ ಎಂಜಿನಿಯರ್ ಮೊದಲ ಆಧುನಿಕ ಹವಾನಿಯಂತ್ರಣ ವ್ಯವಸ್ಥೆ ವಿನ್ಯಾಸ ಮಾಡಿದ. ಮನುಷ್ಯರಿಗಲ್ಲ, ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಆಚೀಚೆ ಆಗ್ತಿತ್ತು, ಅದಕ್ಕೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಕರೆಂಟ್ ಬಂತು. ಅಂದ್ರೆ ದೇಶದಲ್ಲೇ ಬೇಗ ಕರೆಂಟ್ ಕಂಡ ಊರುಗಳಲ್ಲಿ ನಮ್ಮದೂ ಒಂದು. ಆದ್ರೆ ಆ ಕರೆಂಟನ್ನ ನಾವು ಬೆಳಕಿಗೆ ಬಳಸಿದ್ವಿ, ಆಮೇಲೆ ಬಿಸಿಗೆ ಬಳಸಿದ್ವಿ. ತಂಪಿಗೆ ಬಳಸೋ ಯೋಚನೆಯೇ ಬರಲಿಲ್ಲ.

ನಿಮ್ಮ ಮನೆಯ ಹಳೇ ಬೆಸ್ಕಾಂ ಕಾಗದ ಇದ್ರೆ ತೆಗೆದು ನೋಡಿ. ಎಇಎಚ್ ಅಂತ ಇರುತ್ತೆ. ಆಲ್ ಎಲೆಕ್ಟ್ರಿಕ್ ಹೋಮ್. ದೀಪದ ಜೊತೆ ನೀರು ಕಾಯಿಸೋಕೆ, ಅಡುಗೆಗೆ ಕೂಡ ಕರೆಂಟ್ ಬಳಸೋ ಮನೆ ಅಂತ ಅರ್ಥ. ಹಾಗಾಗಿ ನಮ್ಮ ಕಡೆ ದಪ್ಪ ವೈರಿನ 15 ಆಂಪ್ ಪಾಯಿಂಟ್ ಇರೋದು ಬಚ್ಚಲುಮನೇಲಿ, ಗೀಸರಿಗೆ. ಮಲಗೋ ರೂಮಲ್ಲಿ ಇರೋದು ಮೊಬೈಲ್ ಚಾರ್ಜರ್ ಹಾಕೋ 5 ಆಂಪ್ ಪಾಯಿಂಟ್. ನಾವೀಗಿರೋ ಮನೆ ಅಷ್ಟೇನೂ ಹಳೇದಲ್ಲ, ಆದ್ರೂ ಕಟ್ಟಿಸಿದವರು ಇದೇ ಲೆಕ್ಕ ಹಿಡಿದಿದ್ರು.

ಈಗ ಕೊಟೇಶನ್‌ಗೆ ಬರ್ತೀನಿ. ಒಂದು ಟನ್, ಮೂರು ಸ್ಟಾರ್ ಎಸಿಗೆ 32,000 ರೂಪಾಯಿ. ನಾನು ಕೂಡಿಟ್ಟಿದ್ದು ಅಷ್ಟೇ. ಮೆಕ್ಯಾನಿಕ್ ಅಣ್ಣ ಬಂದು ರೂಮು ನೋಡಿ, ಟೇಪು ಹಿಡಿದು, ಚೀಟಿ ಬರೆಯೋಕೆ ಶುರು ಮಾಡಿದ್ರು. ಕೆಳಗಿನ ಮೀಟರ್ ಬೋರ್ಡಿಂದ ಮೇಲಿನವರೆಗೆ ಹೊಸ ವೈರು, ಎಂಸಿಬಿ: 5,800. ಹೊರಗಿನ ಯೂನಿಟ್ ಇಡೋಕೆ ಜಾಗ ಇರೋದು ಮನೆ ಹಿಂಭಾಗದಲ್ಲಿ ಮಾತ್ರ, ಹಾಗಾಗಿ ಹೆಚ್ಚುವರಿ ತಾಮ್ರದ ಪೈಪು ನಾಲ್ಕು ಮೀಟರ್: 3,600. ಸ್ಟೆಬಿಲೈಸರ್ 2,200. ಅಳವಡಿಸೋ ಕೂಲಿ 1,500. ಸ್ಟ್ಯಾಂಡು 900. ಗೋಡೆ ಕೊರೆಯೋಕೆ 600. ಒಟ್ಟು 46,600. ಅಂದ್ರೆ 14,600 ರೂಪಾಯಿ ಹೋಗಿದ್ದು ಎಸಿಗಲ್ಲ. ಎಸಿ ಬೇಕಾಗಲ್ಲ ಅಂತ ನಂಬಿ ಕಟ್ಟಿದ ಮನೆಯನ್ನ ತಿದ್ದೋಕೆ.

ಇನ್ನೊಂದು ಮಾತು ಹೇಳಿದ್ರು ಅವರು. "ಮೇಡಂ, ಮೇಲೆ ಆ ವೆಂಟಿಲೇಟರ್ ಇದೆಯಲ್ಲ, ಅದನ್ನ ಮುಚ್ಚಬೇಕು. ಇಲ್ಲಾಂದ್ರೆ ತಂಪೆಲ್ಲ ಆಚೆ ಹೋಗುತ್ತೆ." ಜಯನಗರ, ಬನಶಂಕರಿ ಕಡೆಯ ಹಳೇ ಮನೆಗಳನ್ನ ಗಮನಿಸಿ: ಕಿಟಕಿಗಿಂತ ಮೇಲೆ, ಸೂರಿಗೆ ತಾಗಿದ ಹಾಗೆ ಸಿಮೆಂಟ್ ಜಾಲಿಯ ಸಣ್ಣ ಕಿಂಡಿ ಇರುತ್ತೆ. ಬಿಸಿಗಾಳಿ ಹಗುರ, ಮೇಲಕ್ಕೇರಿ ಅಲ್ಲಿಂದ ಆಚೆ ಹೋಗುತ್ತೆ. ಕಿಟಕಿಯಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ. ಕರೆಂಟಿಲ್ಲದೆ ಕೆಲಸ ಮಾಡೋ ಯಂತ್ರ ಅದು. ಅದಕ್ಕೆ ನಾವು ಪ್ಲೈವುಡ್ ಹೊಡೆಸಿದ್ವಿ. ಇಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಆಗ ಮಾತ್ರ ಎದ್ದು ಅಡುಗೆಮನೆಗೆ ಹೋದ್ರು.

ಆದ್ರೆ ವೆಂಟಿಲೇಟರ್ ಕೆಲಸ ಮಾಡಬೇಕು ಅಂದ್ರೆ ಹೊರಗಿನ ಗಾಳಿ ತಣ್ಣಗಿರಬೇಕಲ್ಲ. ಜಯನಗರಕ್ಕೆ 1948ರಲ್ಲಿ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದಾಗ ಪಕ್ಕದಲ್ಲಿ ಲಾಲ್‌ಬಾಗ್, ಸುತ್ತ ಕೆರೆಗಳು. ಬಿಟಿಎಂ ಅನ್ನೋ ಹೆಸರನ್ನೇ ಬಿಡಿಸಿ ನೋಡಿ: ಭೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಿನಲ್ಲೇ ಕೆರೆ ಇದೆ, ಅದೂ ತಾವರೆ ಅರಳಿದ ಕೆರೆ. ಪಿಜಿ ಬೋರ್ಡುಗಳ ಮಧ್ಯೆ ಓಡಾಡುವಾಗ ಅದು ಯಾರಿಗೆ ನೆನಪಾಗುತ್ತೆ! ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನ ಇಟ್ಕೊಂಡು ಬೆಂಗಳೂರನ್ನ ಅಳೆದಿದೆ. ಎಪ್ಪತ್ತರ ದಶಕದಿಂದ ಸುಮಾರು ನಾಲ್ಕು ದಶಕಗಳಲ್ಲಿ ಕಟ್ಟಡ ತುಂಬಿದ ಜಾಗ ಶೇ 584ರಷ್ಟು ಹೆಚ್ಚಾಯ್ತು, ಹಸಿರು ಶೇ 66ರಷ್ಟು, ಜಲಮೂಲಗಳು ಶೇ 74ರಷ್ಟು ಕಮ್ಮಿಯಾದವು. 2016ರ ಏಪ್ರಿಲ್‌ನಲ್ಲಿ ಇಲ್ಲಿನ ತಾಪಮಾನ 39.2 ಡಿಗ್ರಿ ಮುಟ್ಟಿತು. ನಾವು ಎಸಿ ಹಾಕಿಸಿದ 2024ರ ಏಪ್ರಿಲ್ 28ರಂದು 38.5. ಆ ತಿಂಗಳು ನಗರಕ್ಕೆ ಮಳೆಯೇ ಬರಲಿಲ್ಲ.

ಊರು ಹಿಂದೆ ಪುಕ್ಕಟೆ ಕೊಡ್ತಿದ್ದ ತಂಪಿಗೆ ಈಗ ಒಂದೊಂದು ಮನೆಯೂ ಬೇರೆ ಬೇರೆಯಾಗಿ ದುಡ್ಡು ಕಟ್ತಿದೆ. ಕಟ್ಟೋಕೆ ಆಗದವರು ಒದ್ದೆ ಟವೆಲ್ ಹಾಕ್ಕೊಂಡು ಕೂರ್ತಾರೆ. ನಮ್ಮ ಎಸಿಯ ಹೊರಗಿನ ಯೂನಿಟ್ ಊದೋ ಬಿಸಿಗಾಳಿ ಹೋಗೋದು ಹಿಂದಿನ ಬೀದಿಯ ಶೀಟ್ ಮನೆ ಕಡೆಗೆ. ಇದನ್ನ ಹೇಳದೆ ಈ ಕತೆ ಮುಗಿಸಿದ್ರೆ ತಪ್ಪಾಗುತ್ತೆ.

ಅಂಗಡಿಯವರು ಹೇಳದ ಖರ್ಚು ಇನ್ನೊಂದಿದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ ಸೊನ್ನೆ. ನಮ್ಮ ಸರಾಸರಿ 100 ಯೂನಿಟ್, ಅದಕ್ಕೆ ಶೇ 10 ಸೇರಿಸಿ 110 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದ್ರೆ ಹೆಚ್ಚಿನದ್ದಕ್ಕೆ ಕಟ್ಟಬೇಕು. ಆದ್ರೆ 200 ದಾಟಿದ್ರೆ ಇಡೀ ಬಿಲ್ ನಿಮ್ಮದೇ. ರಾತ್ರಿ ಏಳು ಗಂಟೆ ಎಸಿ ಓಡಿಸಿದ ಮೊದಲ ತಿಂಗಳು 235 ಯೂನಿಟ್ ಬಂತು. ಆಗಿನ ದರ ಯೂನಿಟ್‌ಗೆ 5.90 ರೂಪಾಯಿ, ಜೊತೆಗೆ ಮೂರು ಕಿಲೋವ್ಯಾಟ್‌ಗೆ ತಲಾ 120ರ ನಿಗದಿತ ಶುಲ್ಕ, ತೆರಿಗೆ: ಹತ್ತಿರಹತ್ತಿರ 1,900 ರೂಪಾಯಿ. ಹೆಚ್ಚಾದ ಕೊನೇ 35 ಯೂನಿಟ್ ಎಷ್ಟು ದುಬಾರಿ ಬಿತ್ತು ನೋಡಿ.

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ನಾವು 32,000ಕ್ಕೆ ತಗೊಂಡಿದ್ದು ಆ ಲೆಕ್ಕದಲ್ಲಿ 29,500 ಆಗುತ್ತೆ. ವೈರು, ಪೈಪು, ಬಿಲ್ಲು ಮಾತ್ರ ಹಾಗೇ ಇವೆ. ಬಾಡಿಗೆ ಮನೇಲಿರೋರಿಗೆ ಒಂದು ಮಾತು: ಗೋಡೆ ಕೊರೆಯೋ ಮುಂಚೆ ಓನರ್ ಹತ್ರ ಬರೆಸ್ಕೊಳ್ಳಿ. ನಮ್ಮ ಓನರ್ ಅಂಕಲ್ ಒಪ್ಪಿದ್ರು, ಖಾಲಿ ಮಾಡುವಾಗ ತೂತು ಮುಚ್ಚಿಸಿ ಬಣ್ಣ ಹೊಡೆಸಬೇಕು ಅಂತ ಅಗ್ರಿಮೆಂಟಿಗೆ ಒಂದು ಸಾಲು ಸೇರಿಸಿದ್ರು.

ಈಗ ರಿಮೋಟ್ ಅಜ್ಜಿ ಕೈಲಿದೆ. 27 ಡಿಗ್ರಿ, ಹತ್ತೂವರೆಯಿಂದ ಒಂದೂವರೆ, ಆಮೇಲೆ ಫ್ಯಾನು. ಬೇಸಿಗೇಲಿ ವಾರಕ್ಕೊಮ್ಮೆ ನನ್ನನ್ನ ಕೆಳಗೆ ಕಳಿಸಿ ಮೀಟರ್ ಓದಿಸ್ತಾರೆ. ಕಳೆದ ಏಪ್ರಿಲ್‌ನಲ್ಲಿ 188ಕ್ಕೆ ನಿಲ್ಲಿಸಿದ್ವಿ.